ನೇರಳೆ ಪರದೆಯ ಹಿಂದಿನ ಕಾಡು

ಹಾರ್ನಕ್ಕನಿಗೆ ಆ ಹೆಸರು ಬಂದದ್ದು ಹಾರ್ನ್ ಹೊಡೆಯುತ್ತಿದ್ದುದರಿಂದಲ್ಲ. ಬಸ್ಸಿನ ಹಾರ್ನನ್ನು ಅವಳು ಮುಟ್ಟುತ್ತಿದ್ದುದೇ ಅಪರೂಪ. ಆ ಕೆಲಸಕ್ಕೆ ಅವಳ ಗಂಟಲೇ ಸಾಕಿತ್ತು. ಯಾರಾದರೂ ರಸ್ತೆಯ ನಡುವೆ ಗಾಡಿ ನಿಲ್ಲಿಸಿ ಹರಟುತ್ತಿದ್ದರೆ ಕಿಟಕಿಯಿಂದ ತಲೆ ಹೊರಹಾಕಿ, "ಮಿಕ್ಕಿದ್ದನ್ನ ಮನೇಲಿ ಕೂತು ಮಾತಾಡೋಣ ಬನ್ನಿ, ನಾನೂ ಬರ್ತೀನಿ, ಟೀಗೆ ಇಡಿ!" ಎಂದು ಕೂಗುತ್ತಿದ್ದಳು. ಆ ಕೂಗು ಆಚೆ ಬೀದಿಯ ಇಸ್ತ್ರಿ ಅಂಗಡಿಯವನಿಗೂ ಕೇಳಿಸುತ್ತಿತ್ತು. ಆಳು ಮಾತ್ರ ಗಿಡ್ಡ. ಡ್ರೈವರ್ ಸೀಟಿನ ಮೇಲೆ ಮನೆಯಿಂದ ತಂದ ದಿಂಬು ಹಾಕಿ ಕೂರದಿದ್ದರೆ ಗಾಜಿನಾಚೆ ಆಕಾಶವೊಂದೇ ಕಾಣುತ್ತಿತ್ತು.

ಅವಳಿಗೆ ಗಾಡಿ ಓಡಿಸಲು ಕಲಿಸಿದವರು ಅಕ್ಕನ ಗಂಡ. ತಾಯಿ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಬೆಳೆದವಳು ಅವಳು. ಭಾವ ಆಗ ನಗರಸಭೆಯ ಉದ್ಯಾನದಲ್ಲಿ ತೋಟದ ಕೆಲಸಕ್ಕಿದ್ದರು. ಗೊಬ್ಬರ ಸಾಗಿಸುವ ಹಳೆಯ ಟ್ರ್ಯಾಕ್ಟರಿನ ಮೇಲೆ ಈ ನಾದಿನಿಯನ್ನು ಕೂರಿಸಿ, "ಕ್ಲಚ್ಚನ್ನ ನಿಧಾನಕ್ಕೆ ಬಿಡು ಪುಟ್ಟಿ, ಮಲಗಿರೋ ಮಗು ಕೈಯಿಂದ ಗಿಲಕಿ ತೆಗೆದ ಹಾಗೆ" ಎಂದು ಹೇಳಿಕೊಟ್ಟವರು ಅವರು. ಹೂವಿನ ಪಾತಿಯೊಂದನ್ನು ಅವಳು ಪೂರ್ತಿ ಅರೆದು ಹಾಕಿದ ದಿನವೂ ಬೈಯಲಿಲ್ಲ. "ನಾಳೆ ಮತ್ತೆ ನೆಡೋಣ, ಮಣ್ಣು ಎಲ್ಲಿಗೂ ಓಡಿಹೋಗಲ್ಲ" ಎಂದಿದ್ದರು. ಡಿಪೋದಲ್ಲಿ ಬಸ್ಸು ತೊಳೆಯುವವಳಾಗಿ ಸೇರಿದವಳು ಅದೇ ಬಸ್ಸುಗಳ ಡ್ರೈವರ್ ಆದದ್ದು ಆ ಟ್ರ್ಯಾಕ್ಟರಿನ ಕೃಪೆಯಿಂದ. ಈ ಕಥೆಯ ಹೊತ್ತಿಗೆ ಅವಳಿಗೆ ಐವತ್ತು ದಾಟಿತ್ತು, ಭಾವ ಉದ್ಯಾನ ವಿಭಾಗದ ಮುಖ್ಯಸ್ಥರಾಗಿದ್ದರು. ಆದರೂ ಅವರ ಬಾಯಲ್ಲಿ ಅವಳು ಪುಟ್ಟಿಯೇ.

ಅವಳ ಬಸ್ಸು ಮಾರುಕಟ್ಟೆಯಿಂದ ಹೊರಟು, ಆಸ್ಪತ್ರೆ, ಹಳೆಯ ಗಿರಣಿ, ಹೊಸ ಬಡಾವಣೆ ದಾಟಿ ಗುಡ್ಡ ಹತ್ತಿ, ಕಾಡಂಚು ಎಂಬ ಕೊನೆಯ ನಿಲ್ದಾಣದಲ್ಲಿ ನಿಲ್ಲುತ್ತಿತ್ತು. ಹೆಸರಿಗೆ ತಕ್ಕಂತೆ ಅಲ್ಲಿಗೆ ಊರು ಮುಗಿದು ಕಾಡು ಶುರುವಾಗುತ್ತಿತ್ತು. ದೊಡ್ಡ ಅರಣ್ಯವೇನಲ್ಲ. ಗುಡ್ಡದ ಬೆನ್ನಿಗೆ ಕಂಬಳಿ ಹೊದೆಸಿದಂತಿದ್ದ ಹಳೆಯ ಮರಗಳ ಗುಂಪು ಅದು. ಅದರಲ್ಲಿ ಹೆಚ್ಚಿನವು ಕೆಂದೊಗಟೆ ಮರಗಳು. ತೊಗಟೆ ಇಟ್ಟಿಗೆಯ ಬಣ್ಣ, ಕಾಯಿ ನೆಲ್ಲಿಯಷ್ಟು, ಹುಳಿ ಎಂದರೆ ಹಲ್ಲು ಜುಮ್ಮೆನ್ನುವ ಹುಳಿ. ಮನುಷ್ಯರು ತಿನ್ನುತ್ತಿರಲಿಲ್ಲ, ಹಕ್ಕಿಗಳು ಬಿಡುತ್ತಿರಲಿಲ್ಲ.

ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಅಲ್ಲಿಗೆ ಬಂದು ಎಂಜಿನ್ ಆರಿಸಿದರೆ ಹಕ್ಕಿಗಳ ಗಲಾಟೆ ಒಮ್ಮೆಲೇ ಬಸ್ಸಿನೊಳಗೆ ನುಗ್ಗುತ್ತಿತ್ತು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಚೌಕಾಸಿ ಮಾಡಿದ ಹಾಗೆ. ಹಾರ್ನಕ್ಕ ಬುತ್ತಿ ಬಿಚ್ಚಿ ಮೆಟ್ಟಿಲ ಮೇಲೆ ಕೂತು, "ನನ್ನನ್ನೇ ಬಾಯಿಬಡುಕಿ ಅಂತಾರೆ, ನಿಮ್ಮನ್ನ ಕೇಳೋರು ಯಾರೂ ಇಲ್ವಾ?" ಎಂದು ಮರಗಳ ಕಡೆ ನೋಡಿ ಹೇಳುತ್ತಿದ್ದಳು. ದಿನದಲ್ಲಿ ಅವಳು ಯಾರಿಗೂ ಕೂಗದೆ ಸುಮ್ಮನೆ ಕೂರುತ್ತಿದ್ದ ಹೊತ್ತು ಅದೊಂದೇ.

ರಸ್ತೆ ಅಗಲ ಮಾಡಿದಾಗ ಗುಡ್ಡ ಕುಸಿಯದಿರಲೆಂದು ಕಾಡಿನ ಅಂಚಿಗೆ ಉದ್ದಕ್ಕೂ ಕಾಂಕ್ರೀಟ್ ಗೋಡೆ ಕಟ್ಟಿದರು. ಬೋಳುಬೋಳಾದ ಗೋಡೆ. ಅದರ ಮೇಲೆ ಜನ ಜಾಹೀರಾತು ಅಂಟಿಸಿದರು, ಉಗುಳಿದರು, ಬರೆಯಬಾರದ್ದನ್ನು ಬರೆದರು. ಅದನ್ನು ಮುಚ್ಚಲು ಭಾವ ಒಂದು ಬಳ್ಳಿ ತಂದರು. ತರಬೇತಿಗೆಂದು ದೂರದ ದೇಶಕ್ಕೆ ಹೋಗಿದ್ದಾಗ ನೋಡಿ ಮನಸೋತು ತಂದ ತುಂಡುಗಳನ್ನು ಗಾಜಿನ ಮನೆಯಲ್ಲಿ ಬೇರು ಬರಿಸಿ, ಗೋಡೆಯ ಬುಡಕ್ಕೆ ತಾವೇ ಕೂತು ನೆಟ್ಟರು. ಎರಡನೆಯ ಬೇಸಿಗೆಗೆ ಗೋಡೆ ಕಾಣಲಿಲ್ಲ. ಮೇಲಿಂದ ಕೆಳಗಿನವರೆಗೆ ನೇರಳೆ ಹೂವಿನ ಗೊಂಚಲುಗಳು ಇಳಿಬಿದ್ದವು. ಊರವರು ಅದಕ್ಕೆ ನೇರಳೆ ಪರದೆ ಎಂದು ಹೆಸರಿಟ್ಟರು. ಮದುವೆ ಗೊತ್ತಾದವರು ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಕ್ಕ ತನ್ನ ಮನೆಯ ಬಾಗಿಲಿನ ಕಮಾನಿಗೂ ಒಂದು ಹಬ್ಬಿಸಿಕೊಂಡಳು. ಭಾವನಿಗೆ ಸನ್ಮಾನವಾಯಿತು.

"ನೀರು ಬೇಡ, ಗೊಬ್ಬರ ಬೇಡ. ದನ ಮುಟ್ಟಲ್ಲ, ಹುಳ ಮುಟ್ಟಲ್ಲ!" ಎಂದು ಅವರು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳಿದಾಗ ಚಪ್ಪಾಳೆ ತಟ್ಟಿದವರಲ್ಲಿ ಹಾರ್ನಕ್ಕನೂ ಇದ್ದಳು. ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದ್ದೂ ಅವಳೇ.

ವರ್ಷಗಳು ಉರುಳಿದವು. ಪರದೆ ಗೋಡೆಯ ಮೇಲೆ ನಿಲ್ಲಲಿಲ್ಲ. ಗೋಡೆ ಹತ್ತಿದ್ದು ಆಚೆ ಇಳಿಯಿತು. ಇಳಿದದ್ದು ಮರ ಹತ್ತಿತು. ದಿನವೂ ನೋಡುವ ಕಣ್ಣಿಗೆ ಅದು ತಿಳಿಯುವುದಿಲ್ಲ, ಸಾಕಿದ ಮಗು ಎತ್ತರವಾದದ್ದು ತಿಳಿಯದ ಹಾಗೆ. ಹಾರ್ನಕ್ಕನಿಗೆ ಅದು ಮೊದಲು ತಿಳಿದದ್ದು ಕಿವಿಯಿಂದ. ಒಂದು ಬೆಳಿಗ್ಗೆ ಎಂಜಿನ್ ಆರಿಸಿ ಬುತ್ತಿ ಬಿಚ್ಚಿದಾಗ ತಾನು ಅಗಿಯುವ ಸದ್ದು ತನಗೇ ಕೇಳಿಸಿತು. ತಲೆ ಎತ್ತಿ ನೋಡಿದಳು. ಸಂತೆ ಖಾಲಿಯಾಗಿತ್ತು. ಎಲ್ಲೋ ದೂರದಲ್ಲಿ ಒಂದೋ ಎರಡೋ ದನಿ, ಅಷ್ಟೇ.

ಕೊನೆಯ ನಿಲ್ದಾಣದ ಬಳಿಯ ಓಣಿಯಲ್ಲಿ ಟೀಚರಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ಹೆಂಗಸೊಬ್ಬರಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ದಿನವೂ ಹಾರ್ನಕ್ಕನ ಬಸ್ಸಿಗೇ ಬರುತ್ತಿದ್ದರು, ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು.

"ಟೀಚರಮ್ಮ, ಹಕ್ಕಿಗಳೆಲ್ಲ ಎಲ್ಲಿಗೆ ಹೋದ್ವು?" ಎಂದು ಹಾರ್ನಕ್ಕ ಕೇಳಿದಳು.

ಟೀಚರಮ್ಮ ಕೊಡೆಯ ತುದಿಯಿಂದ ಹೂವಿನ ಗೋಡೆಯನ್ನು ತೋರಿಸಿದರು. "ಹುಳ ಮುಟ್ಟಲ್ಲ ಅಂತ ನಿಮ್ಮ ಭಾವ ಹೇಳಿದ್ರಲ್ಲ, ನಿಜ. ಈ ಬಳ್ಳಿ ಎಲೆ ತಿನ್ನೋ ಹುಳ ನಮ್ಮ ಕಡೆ ಇಲ್ಲ. ಹುಳ ಇಲ್ಲ ಅಂದ್ರೆ ಮರಿಹಕ್ಕಿ ಬಾಯಿಗೆ ಇಡೋದು ಏನು? ಅದೂ ಅಲ್ದೆ ಇದು ಮರದ ನೆತ್ತಿ ಮೇಲೆ ಕೂತು ಬಿಸಿಲೆಲ್ಲ ತಾನೇ ಕುಡಿಯುತ್ತೆ. ಕೆಳಗೆ ಕತ್ತಲೆ. ಮರಕ್ಕೆ ಚಿಗುರಿಲ್ಲ, ಕಾಯಿಲ್ಲ, ಬಿದ್ದ ಬೀಜ ಮೊಳೆಯಲ್ಲ. ಮುದುಕರು ಸಾಯ್ತಿದಾರೆ, ಮಕ್ಕಳು ಹುಟ್ತಿಲ್ಲ. ಕಾಡಿಗೆ ಇದಕ್ಕಿಂತ ಕೆಟ್ಟದ್ದು ಏನಿದೆ?"

"ಗೊತ್ತಿದ್ದೂ ಸುಮ್ನೆ ಇದ್ರಾ ನೀವು?"

"ಸುಮ್ನೆ ಇರ್ಲಿಲ್ಲ. ನೆಡೋಕೆ ಮುಂಚೇನೇ ನಗರಸಭೆಗೆ ಹೋಗಿ ಹೇಳ್ದೆ. ತುಂಬಾ ಮರ್ಯಾದೆಯಿಂದ ಕೂರಿಸಿದ್ರು, ಟೀ ಕೊಟ್ರು, ಬಿಸ್ಕತ್ತೂ ಕೊಟ್ರು. ಮಾರನೇ ದಿನ ನೆಟ್ರು."

ಹಾರ್ನಕ್ಕನ ಕಿವಿ ಕೆಂಪಾಯಿತು. ಆ ಟ್ರಿಪ್ಪಿನಲ್ಲಿ ಬಸ್ಸು ಗುಡ್ಡ ಇಳಿದ ರೀತಿಗೆ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು.

ಅಂದು ಸಂಜೆ ಡ್ಯೂಟಿ ಮುಗಿಸಿ ನೇರ ಅಕ್ಕನ ಮನೆಗೆ ಹೋದಳು. ಭಾವ ಊಟಕ್ಕೆ ಕೂತಿದ್ದರು. ಕೈ ತೊಳೆಯದೆ ಮಾತು ತೆಗೆಯಬೇಡವೆಂದು ಅಕ್ಕ ಕಣ್ಣಲ್ಲೇ ಹೇಳಿದಳು. ಹಾರ್ನಕ್ಕ ನೋಡಲೇ ಇಲ್ಲ.

ಎಲ್ಲವನ್ನೂ ಕೇಳಿದ ಭಾವ ತಟ್ಟೆ ಸರಿಸಿದರು. "ಹೊರಗಿಂದ ಬಂತು ಅಂತ ತಾನೆ ನಿಂಗೆ ಕೋಪ? ನಮ್ಮಪ್ಪನೂ ಹೊರಗಿಂದ ಬಂದೋನೇ. ಒಂದು ಟ್ರಂಕು ಹೊತ್ಕೊಂಡು ಈ ಊರಿಗೆ ಬಂದಾಗ ಇದೇ ಮಾತು ಅಂದಿದ್ರು ಜನ. ಹೂವಿಗೂ ಊರು ಕೇರಿ ಕೇಳ್ತೀಯಾ ಪುಟ್ಟಿ?"

ಅವರ ಅಪ್ಪನನ್ನು ಹಾರ್ನಕ್ಕ ಕಂಡಿದ್ದಳು. ಊರಿನ ಅರ್ಧ ಮನೆಗಳ ಬಾಗಿಲಿಗೆ ಬೀಗ ಮಾಡಿಕೊಟ್ಟ ಒಳ್ಳೆಯ ಮುದುಕ. ಅವಳು ತಲೆಯಲ್ಲಾಡಿಸಿದಳು: "ಬಂದಿದ್ದಕ್ಕಲ್ಲ ಭಾವ. ನಿಮ್ಮಪ್ಪ ಬಂದು ನಮ್ಮ ಪಕ್ಕ ಮನೆ ಮಾಡಿದ್ರು. ಯಾರ ಎದೆ ಮೇಲೂ ಕೂರ್ಲಿಲ್ಲ. ಟೀಚರಮ್ಮನ ಮನೆ ಮುಂದಿನ ಗುಲಾಬಿನೂ ಹೊರಗಿಂದ ಬಂದಿದ್ದೇ, ಕುಂಡದಲ್ಲಿ ಅದರ ಪಾಡಿಗೆ ಅದಿದೆ. ಇದು ಹಂಗಲ್ಲ. ಇದು ಯಾರಿಗೂ ಜಾಗ ಬಿಡ್ತಿಲ್ಲ. ಒಂದ್ಸಲ ಗೋಡೆ ಆಚೆ ಬಂದು ನೋಡಿ."

"ಈ ಮಂಡಿ ಇಟ್ಕೊಂಡು ಗುಡ್ಡ ಹತ್ತಲಾ? ಮೂವತ್ತು ವರ್ಷ ಮಣ್ಣಲ್ಲಿ ಕೈ ಇಟ್ಟೋನಿಗೆ ಸ್ಟೇರಿಂಗ್ ಹಿಡಿಯೋಳು ಪಾಠ ಹೇಳ್ತಾಳೆ."

"ಆ ಸ್ಟೇರಿಂಗ್ ಹಿಡಿಸಿದ್ದು ನೀವೇ!"

"ಅದೇ ತಪ್ಪಾಯ್ತು."

ಅಕ್ಕ ಪಾತ್ರೆ ಕುಕ್ಕಿದಳು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂದು ಗೊಣಗುತ್ತ ಹಾರ್ನಕ್ಕ ಮೆಟ್ಟಿಲಿಳಿದು ಹೋದಳು. ಆ ಮಾತು ಒಳಗಿದ್ದವರಿಗೂ ಕೇಳಿಸಿತೆಂದು ಬೇರೆ ಹೇಳಬೇಕಿಲ್ಲ. ಅವಳ ಗೊಣಗಾಟವೆಂದರೆ ಬೇರೆಯವರ ಭಾಷಣ.

ಮರುದಿನದಿಂದ ಅವಳ ಬುತ್ತಿಯ ಚೀಲದಲ್ಲಿ ಒಂದು ಕತ್ತರಿಯೂ ಇತ್ತು. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಆರಿಸಿ, ಗೋಡೆಯ ಪಕ್ಕದ ಸಂದಿಯಿಂದ ಒಳನುಗ್ಗಿ, ಕೈಗೆ ಸಿಕ್ಕ ಬಳ್ಳಿಯನ್ನೆಲ್ಲ ಕತ್ತರಿಸಿ ಬರುತ್ತಿದ್ದಳು. ಸಿಟ್ಟಿಗೆ ಕಣ್ಣಿಲ್ಲ. ಟೀಚರಮ್ಮ ಬಂದು ನೋಡಿದಾಗ ಅವಳ ಕಾಲ ಬಳಿ ಬಿದ್ದಿದ್ದ ಅರ್ಧ ರಾಶಿ ಕಾಡಿನದೇ ಬಳ್ಳಿ. "ಅಯ್ಯೋ ತಾಯಿ! ಇದು ಇಲ್ಲೇ ಹುಟ್ಟಿ ಬೆಳೆದಿದ್ದು, ಇದರ ಹೂವಿಗೆ ಚಿಟ್ಟೆ ಬರುತ್ತೆ. ಕಳ್ಳನ್ನ ಹಿಡಿಯೋಕೆ ಬಂದು ಮನೆಯವರನ್ನೇ ಹೊಡೆದ್ಯಲ್ಲ!" ಎಂದು ತಲೆ ಚಚ್ಚಿಕೊಂಡರು. ಹಾರ್ನಕ್ಕ ನಾಚಿದಳು. ಅಂದಿನಿಂದ ಟೀಚರಮ್ಮ ಜೊತೆಗೆ ನಿಂತು, ಗೆಣ್ಣುಗೆಣ್ಣಿಗೂ ಬೇರು ಬಿಡುವುದು ಯಾವುದು, ಎಲೆಯ ಬೆನ್ನು ಬೂದಿಯಾಗಿರುವುದು ಯಾವುದು ಎಂದು ತೋರಿಸಿಕೊಟ್ಟರು. ಕತ್ತರಿಸಿದರೆ ಸಾಲದು, ಬೇರು ಕೀಳಬೇಕು ಎಂದೂ ಹೇಳಿದರು. ಒಂದು ಬೇರನ್ನು ಹಿಡಿದೆಳೆದರೆ ಅದು ಮುಂದಿನ ಮರದವರೆಗೂ ಬರುತ್ತಿತ್ತು, ತುಂಡಾಗಿ ಅಲ್ಲೇ ಉಳಿಯುತ್ತಿತ್ತು. ಉಳಿದದ್ದು ಮತ್ತೆ ಚಿಗುರುತ್ತಿತ್ತು.

ಸಾರ್ವಜನಿಕ ಉದ್ಯಾನಕ್ಕೆ ಹಾನಿ ಮಾಡುತ್ತಿದ್ದಾಳೆಂದು ನಗರಸಭೆಯ ಕಾವಲುಗಾರ ದೂರು ಕೊಟ್ಟ. ಎಚ್ಚರಿಕೆಯ ನೋಟಿಸು ಬಂತು. ಕೆಳಗೆ ಭಾವನ ರುಜು. ಹಾರ್ನಕ್ಕ ಅದನ್ನು ಮಡಿಸಿ ಅಲುಗಾಡುವ ಊಟದ ಮೇಜಿನ ಕಾಲಿಗೆ ಕೊಟ್ಟಳು. ಮೇಜು ನಿಂತಿತು. ಅವಳು ನಿಲ್ಲಲಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಗಾಳಿ ಎದ್ದಿತು. ದೊಡ್ಡ ಗಾಳಿಯೇನಲ್ಲ, ಅಂಥವನ್ನು ಆ ಮರಗಳು ಎಷ್ಟೋ ಕಂಡಿದ್ದವು. ಆದರೆ ನೆತ್ತಿಯ ಮೇಲೆ ಬಳ್ಳಿಯ ಒದ್ದೆ ಹೊರೆಯಿತ್ತು. ರಸ್ತೆಯಂಚಿನ ಕೆಂದೊಗಟೆ ಮರವೊಂದು ಬುಡಸಮೇತ ಕಿತ್ತು ನಿಲ್ದಾಣದ ಚಾವಣಿಯ ಮೇಲೆ ಬಿತ್ತು. ಅಲ್ಲಿ ಪೇಪರ್ ಮಾರುತ್ತಿದ್ದ ತಾತನ ಹೆಗಲ ಮೂಳೆ ಮುರಿಯಿತು. ಹಾರ್ನಕ್ಕನೇ ಅವನನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ಎಲ್ಲೂ ನಿಲ್ಲಿಸದೆ ಆಸ್ಪತ್ರೆಗೆ ಒಯ್ದಳು.

ವಾರ ಕಳೆಯುವ ಮೊದಲೇ ನಗರಸಭೆಯಲ್ಲಿ ಸಾರ್ವಜನಿಕ ಸಭೆ ಕರೆದರು. ಈಗಲಾದರೂ ಬುದ್ಧಿ ಬಂತಲ್ಲ ಎಂದುಕೊಂಡು ಹಾರ್ನಕ್ಕ ರಜೆ ಹಾಕಿ ಮುಂದಿನ ಸಾಲಿನಲ್ಲಿ ಕೂತಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ನಿರ್ಧಾರ ಓದಿದರು. ಉದ್ಯಾನ ವಿಭಾಗದ ಮುಖ್ಯಸ್ಥರ ವರದಿಯಂತೆ, ಜನರ ಸುರಕ್ಷತೆಗಾಗಿ ರಸ್ತೆಯಂಚಿನ ಅಪಾಯಕಾರಿ ಹಳೆಯ ಮರಗಳನ್ನೆಲ್ಲ ಕಡಿಸಲಾಗುವುದು. ಊರಿನ ಹೆಮ್ಮೆಯಾದ ನೇರಳೆ ಪರದೆಗೆ ಧಕ್ಕೆಯಾಗದಂತೆ ಕಬ್ಬಿಣದ ಚಪ್ಪರ ಹಾಕಿಸಲಾಗುವುದು.

ಸಭೆ ಚಪ್ಪಾಳೆ ತಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ತಂದ ಸೊಳ್ಳೆಗೆ ಸೊಳ್ಳೆಪರದೆ ಹಾಕಿ ಕಾಪಾಡುವುದಷ್ಟೇ ಬಾಕಿ!

ಹಾರ್ನಕ್ಕ ಎದ್ದು ನಿಂತಳು. ಮೈಕು ಬೇಕಾಗಲಿಲ್ಲ. "ಮರ ತಾನಾಗಿ ಬಿದ್ದಿಲ್ಲ ಸ್ವಾಮಿ. ಬೆನ್ನ ಮೇಲೆ ಹೊರೆ ಹೇರಿ ಬೀಳ್ಸಿದ್ದು. ಹೊತ್ತೋನನ್ನ ಕಡೀತೀರಾ, ಹೊರೆಗೆ ಚಪ್ಪರ ಹಾಕ್ತೀರಾ? ಇದ್ಯಾವ ನ್ಯಾಯ?"

"ಅಮ್ಮಾ, ನೀವು ಬಸ್ ಓಡ್ಸಿ. ಮರಗಿಡ ನಮಗೆ ಬಿಡಿ" ಎಂದರು ಅಧ್ಯಕ್ಷರು ನಗುತ್ತ.

"ಬಿಟ್ಟಿದ್ದಕ್ಕೇ ಹಿಂಗಾಗಿರೋದು!"

ಜನ ನಕ್ಕರು. ಟೀಚರಮ್ಮ ಎದ್ದು ಮಾತಾಡಲು ಹೋದರೆ ಸಮಯ ಮುಗಿಯಿತೆಂದರು. ವೇದಿಕೆಯ ಅಂಚಿನಲ್ಲಿ ಕೂತಿದ್ದ ಭಾವ ಕಬ್ಬಿಣದ ಚಪ್ಪರದ ನಕ್ಷೆಯನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದರು. ನಾದಿನಿಯ ಕಡೆ ನೋಡಲಿಲ್ಲ. ಹೊರಗೆ ಟೀ ಮತ್ತು ಬಿಸ್ಕತ್ತು ಇಟ್ಟಿದ್ದರು. ಟೀಚರಮ್ಮ ಬಿಸ್ಕತ್ತಿನ ತಟ್ಟೆಯನ್ನು ನೋಡಿ, "ನಡಿ, ಇಲ್ಲಿಂದ ಹೋಗೋಣ" ಎಂದರು.

ಹಾರ್ನಕ್ಕನ ವಾರದ ರಜೆಯ ದಿನ ಕಡಿಯಲು ಶುರುಮಾಡಿದರು. ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ ಅವಳು ನೋಡಿದ್ದು ಎರಡು ಬುಡಗಳನ್ನು. ಇಟ್ಟಿಗೆ ಬಣ್ಣದ ಗರಗಸದ ಪುಡಿ ರಸ್ತೆಯ ಮೇಲೆಲ್ಲ ಹರಡಿ, ಮಳೆಗೆ ಕಲೆಸಿ ಚರಂಡಿಗೆ ಹರಿಯುತ್ತಿತ್ತು. ಅವಳು ಇಳಿಯಲಿಲ್ಲ, ಬುತ್ತಿ ಬಿಚ್ಚಲಿಲ್ಲ. ಬಸ್ಸು ತಿರುಗಿಸಿಕೊಂಡು ಮಾರುಕಟ್ಟೆಗೆ ಹೋದಳು. ಮತ್ತೆ ಜನ ತುಂಬಿಕೊಂಡು ಗುಡ್ಡ ಹತ್ತುವಾಗ ಕನ್ನಡಿಯಲ್ಲಿ ಮರ ಕಡಿಯುವವರ ಲಾರಿ ಕಂಡಿತು. ಅವಳ ಹಿಂದೆಯೇ ಬರುತ್ತಿತ್ತು, ದಾರಿ ಬಿಡೆಂದು ಹಾರ್ನ್ ಮಾಡುತ್ತಿತ್ತು.

ಏನು ಮಾಡಬೇಕೆಂದು ಅವಳು ಮೊದಲೇ ಯೋಚಿಸಿದ್ದಳೆಂದು ಆಮೇಲೆ ವಿಚಾರಣೆಯಲ್ಲಿ ಹೇಳಿದರು. ಸುಳ್ಳು. ಆ ಲಾರಿ ಮತ್ತೆ ಮತ್ತೆ ಹಾರ್ನ್ ಹೊಡೆದದ್ದೇ ಸಾಕಾಯಿತು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಇಳಿಜಾರು ಇರುವ ಕೊನೆಯ ತಿರುವಿನಲ್ಲಿ ಅವಳು ಸ್ಟೇರಿಂಗ್ ಪೂರ್ತಿ ಎಳೆದು ಬಸ್ಸನ್ನು ರಸ್ತೆಗೆ ಅಡ್ಡ ನಿಲ್ಲಿಸಿದಳು. ಎಂಜಿನ್ ಆರಿಸಿ ಕೀಲಿಯನ್ನು ರವಿಕೆಯೊಳಗೆ ಸೇರಿಸಿಕೊಂಡಳು.

"ನಿಲ್ದಾಣ ಇಲ್ಲೇ ಮುಂದೆ. ಇಳಿದು ನಡೀರಿ. ಬಸ್ಸು ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ."

ಕೆಲವರು ಕುತೂಹಲದಿಂದ ಇಳಿದರು, ಕೆಲವರು ಬೈಯುತ್ತ ಇಳಿದರು. ನಿಲ್ದಾಣದಲ್ಲಿ ಊರಿಗೆ ಹೋಗಲು ಕಾದಿದ್ದವರೂ ನಡೆದು ಬಂದು ಬೈದರು. ಕೆಲಸಕ್ಕೆ ತಡವಾಗುತ್ತದೆಂದು ಒಬ್ಬ ಕೂಗಾಡಿದ. ಜ್ವರದ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು, "ನಿಮ್ಮ ಮರ ನಿಮಗಿರ್ಲಿ, ನನ್ನ ಮಗುಗೆ ಡಾಕ್ಟ್ರು ಬೇಕು" ಎಂದಳು. ಅದೊಂದು ಮಾತು ಹಾರ್ನಕ್ಕನಿಗೆ ಚುಚ್ಚಿತು. ಲಾರಿಯ ಹಿಂದೆ ಸಿಕ್ಕಿಕೊಂಡಿದ್ದ ಕಾರಿನವನ ಬಳಿ ಓಡಿ, ಕೈ ಮುಗಿದು, ಕಾರು ತಿರುಗಿಸಿ ತಾಯಿ ಮಗುವನ್ನು ಕೂರಿಸಿ ಕಳಿಸಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಮಾರುಕಟ್ಟೆಯಿಂದ ಮನೆಗೆ ಮರಳುತ್ತಿದ್ದ ಟೀಚರಮ್ಮ ಎಲ್ಲರ ಹಿಂದೆ ನಿಧಾನವಾಗಿ ಇಳಿದು, ಹೋಗಿ, ಕಡಿದು ಕೆಡವಿದ ಮರದ ಮೇಲೆ ಕೊಡೆ ಬಿಚ್ಚಿಕೊಂಡು ಕೂತರು.

ಡಿಪೋ ಮ್ಯಾನೇಜರ್ ಫೋನ್ ಮಾಡಿದ. "ಏನಮ್ಮ ಇದು, ಬ್ರೇಕ್‌ಡೌನಾ?"

"ಬಸ್ಸು ಚೆನ್ನಾಗಿದೆ ಸಾರ್. ಕೆಟ್ಟಿರೋದು ಊರು."

ಸ್ವಲ್ಪ ಹೊತ್ತಿಗೆ ನಗರಸಭೆಯ ಜೀಪು ಬಂತು. ಭಾವ ಇಳಿದರು. ಮಂಡಿಯ ಮೇಲೆ ಕೈಯೂರಿ ಏರು ಹತ್ತಿ ಬರುವಷ್ಟರಲ್ಲಿ ಮುಖ ಬೆವೆತಿತ್ತು. ಅಷ್ಟು ಜನರ ಮುಂದೆ ತಗ್ಗಿದ ದನಿಯಲ್ಲಿ, "ಪುಟ್ಟಿ, ಕೆಲಸ ಹೋಗುತ್ತೆ. ಗಾಡಿ ತೆಗಿ" ಎಂದರು.

"ತೆಗೀತೀನಿ. ನೀವು ಮೊದಲು ಗೋಡೆ ಆಚೆ ಬನ್ನಿ."

"ಮಂಡಿ..."

"ಮಂಡಿ ನಾನು ಹಿಡ್ಕೋತೀನಿ. ಬನ್ನಿ ಭಾವ. ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ."

ಅವರು ಜನರನ್ನು ನೋಡಿದರು, ಲಾರಿಯನ್ನು ನೋಡಿದರು, ಹೂವನ್ನು ನೋಡಿದರು. ಆಮೇಲೆ ಅವಳ ಭುಜದ ಮೇಲೆ ಕೈಯಿಟ್ಟು ಸಂದಿಯೊಳಗೆ ನುಗ್ಗಿದರು.

ಹೊರಗೆ ಬೆಳಗಿನ ಬೆಳಕು, ಒಳಗೆ ಬಾಗಿಲು ಮುಚ್ಚಿದ ಉಗ್ರಾಣ. ತಲೆಯ ಮೇಲೆ ಎಲೆಯ ಚಾವಣಿ ಎಷ್ಟು ದಟ್ಟವಾಗಿತ್ತೆಂದರೆ ಅಷ್ಟು ಮಳೆಯಾಗಿದ್ದರೂ ಕೆಳಗಿನ ತರಗು ಒಣಗಿತ್ತು. ಮರಗಳ ಕೊಂಬೆಗಳು ಬೋಳಾಗಿ, ಒಗೆದ ಬಟ್ಟೆ ಹಾಕಿ ಮರೆತ ಬಿದಿರ ಗಳುಗಳಂತೆ ಬಳ್ಳಿ ಹೊತ್ತು ನಿಂತಿದ್ದವು. ನೆಲದಲ್ಲಿ ಒಂದು ಸಸಿಯಿರಲಿಲ್ಲ, ಒಂದು ಅಣಬೆಯಿರಲಿಲ್ಲ. ಇದ್ದದ್ದು ಬಳ್ಳಿಯ ಬೇರು, ಅದರ ಮೇಲೆ ಬೇರು. ಭಾವ ಒಂದು ಮರದ ಬಳಿ ನಿಂತರು. ಮಣಿಕಟ್ಟಿನಷ್ಟು ದಪ್ಪವಾದ ಬಳ್ಳಿ ಅದನ್ನು ಬಿಗಿದು ಸುತ್ತಿ, ತೊಗಟೆಯೊಳಗೆ ಇಳಿದು ಕೂತಿತ್ತು. ಅವರು ಆ ಗಾಯದ ಉದ್ದಕ್ಕೂ ಬೆರಳು ಎಳೆದರು. ಜೇಬಿನಿಂದ ಚಾಕು ತೆಗೆದು ಮರದ ತೊಗಟೆಯನ್ನು ಒಂದಿಷ್ಟು ಕೆರೆದರು. ಒಳಗೆ ಇನ್ನೂ ಹಸಿರಿತ್ತು.

"ಮರ ಗಟ್ಟಿಯಾಗಿದೆ" ಎಂದರು. ತಮಗೆ ತಾವೇ ಹೇಳಿಕೊಂಡ ಹಾಗೆ. ಚಾಕು ಮಡಿಸುತ್ತ, "ನಾನು ಟೊಳ್ಳು ಅಂತ ಬರೆದ್ನಲ್ಲ" ಎಂದರು. "ಬಂದು ನೋಡ್ದೇನೇ ಬರೆದೆ."

ಹಾರ್ನಕ್ಕನಿಗೆ ಬಾಯಿ ತುಂಬ ಬೈಗುಳವಿತ್ತು. ಇಷ್ಟು ತಿಂಗಳು ಕೂಡಿಟ್ಟದ್ದು. ಆದರೆ ಅವರ ಕಾಲ ಮುಂದೆ ಬಳ್ಳಿಯ ದಪ್ಪ ಬೇರಿತ್ತು. "ಹುಷಾರು, ಬೇರು ಇದೆ, ಕಾಲೆತ್ತಿ ಇಡಿ" ಎಂದಷ್ಟೇ ಹೇಳಿದಳು.

ಹೊರಗೆ ಬಂದು ಭಾವ ಲಾರಿಯವರಿಗೆ ವಾಪಸು ಹೋಗಲು ಹೇಳಿದರು. ಅಧ್ಯಕ್ಷರು ಫೋನಿನಲ್ಲಿ ಕಿರುಚಿದ್ದು ಪಕ್ಕದವರಿಗೂ ಕೇಳಿಸಿತು. ಮರಗಳು ಅಪಾಯಕಾರಿ ಎಂಬ ತಮ್ಮ ವರದಿಯನ್ನು ತಾವು ಹಿಂತೆಗೆದುಕೊಳ್ಳುವುದಾಗಿಯೂ, ರುಜು ಇಲ್ಲದೆ ಗರಗಸ ಹಾಕಿದರೆ ಜವಾಬ್ದಾರಿ ಅಧ್ಯಕ್ಷರದೇ ಎಂದೂ ಭಾವ ಎರಡು ಸಲ ಹೇಳಿ ಫೋನ್ ಇಟ್ಟರು. ಹಾರ್ನಕ್ಕ ಬಸ್ಸು ತೆಗೆದಳು.

ಉಳಿದ ಮರಗಳು ಉಳಿದವು. ಇದನ್ನು ಗೆಲುವು ಎನ್ನುವವರು ಎನ್ನಲಿ. ಹಾರ್ನಕ್ಕನನ್ನು ಅಮಾನತಿನಲ್ಲಿಟ್ಟು, ವಿಚಾರಣೆ ಮಾಡಿ, ಆಮೇಲೆ ಊರಿನ ಇನ್ನೊಂದು ತುದಿಯ ವರ್ತುಲ ರಸ್ತೆಗೆ ಹಾಕಿದರು. ಅಲ್ಲಿ ಮರವೂ ಇಲ್ಲ, ಕೂತು ಉಣ್ಣಲು ನೆರಳೂ ಇಲ್ಲ. ಭಾವನಿಗೆ ನಿವೃತ್ತಿ ಹತ್ತಿರವಿತ್ತು, ಬೀಳ್ಕೊಡುಗೆ ಸಮಾರಂಭವನ್ನು ನಗರಸಭೆ ಮರೆಯಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಸರಿಯಾಗಿ, ಗೋಡೆಯ ಪಕ್ಕದಲ್ಲಿ 'ಸಂರಕ್ಷಿತ ಕಾಡು' ಎಂಬ ದೊಡ್ಡ ಫಲಕ ಎದ್ದಿತು. ಅದರಲ್ಲಿ ಅಧ್ಯಕ್ಷರ ನಗುವ ಫೋಟೋ ಇತ್ತು, ಕಾಡಿನ ಫೋಟೋ ಇರಲಿಲ್ಲ. ಆ ಫಲಕ ನೋಡಿದ ದಿನ ಹಾರ್ನಕ್ಕ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಬಳ್ಳಿ ಕೀಳಲು ನಗರಸಭೆ ಯಾರನ್ನೂ ಕಳಿಸಲಿಲ್ಲ. ರಜೆಯ ದಿನಗಳಲ್ಲಿ ಹಾರ್ನಕ್ಕನೇ ಹೋದಳು, ಟೀಚರಮ್ಮ ಬಂದರು. ಆ ದಿನ ಕೆಲಸಕ್ಕೆ ತಡವಾಗುತ್ತದೆಂದು ಕೂಗಾಡಿದ್ದವನು ಬಂದದ್ದು ಎಲ್ಲರಿಗೂ ಅಚ್ಚರಿ. "ಬೈಯೋಕೆ ಬಂದಿದೀಯಾ, ಕೀಳೋಕಾ?" ಎಂದು ಹಾರ್ನಕ್ಕ ಕೇಳಿದಳು. "ಕೀಳ್ತಾ ಬೈತೀನಿ" ಎಂದ ಅವನು. ಭಾವ ಒಂದು ಮರದ ಮಣೆ ತಂದು ಅದರ ಮೇಲೆ ಕೂತು, ಸಣ್ಣ ಗುದ್ದಲಿಯಿಂದ ಬೇರು ಬಿಡಿಸುತ್ತಿದ್ದರು. ಬೇರು ತುಂಡಾಗದಂತೆ ಎಬ್ಬಿಸುವುದರಲ್ಲಿ ಅವರಷ್ಟು ನಯ ಯಾರ ಕೈಗೂ ಇರಲಿಲ್ಲ. ಕ್ಷಮೆಯ ಮಾತು ಅವರೂ ಆಡಲಿಲ್ಲ, ಇವಳೂ ಕೇಳಲಿಲ್ಲ. ಒಂದು ದಿನ ಅವರು ಮನೆಗೆ ಹೋದಾಗ ಬಾಗಿಲ ಕಮಾನು ಬೋಳಾಗಿತ್ತು. ಅಕ್ಕ ತರಕಾರಿ ಹೆಚ್ಚುವ ಚಾಕುವಿನಲ್ಲೇ ಬಳ್ಳಿಯನ್ನೆಲ್ಲ ಕೊಯ್ದು ಬುಡ ಅಗೆದು ಹಾಕಿದ್ದಳು. "ಏನು ನೋಡ್ತೀರಾ? ಊರಿಗೆಲ್ಲ ಹೇಳಿ ನಮ್ಮನೆ ಬಾಗಿಲಲ್ಲೇ ಇಟ್ಕೊಳ್ಳೋಕಾಗುತ್ತಾ?" ಎಂದು ಗಂಡನನ್ನು ದಬಾಯಿಸಿದಳು.

ತೆರವಾದ ಜಾಗಕ್ಕೆ ಬಿಸಿಲು ಬಿತ್ತು. ಮೊದಲ ಮಳೆಗೆ ಮೊಳಕೆಗಳೆದ್ದವು. ಟೀಚರಮ್ಮ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. ಎಲ್ಲವೂ ನೇರಳೆ ಪರದೆಯ ಬೀಜದವು. ಕಿತ್ತರು. ಮತ್ತೆ ಎದ್ದವು. ಮತ್ತೆ ಕಿತ್ತರು. ಮರುವರ್ಷ ಅವುಗಳ ನಡುವೆ ಕೆಂದೊಗಟೆಯ ಕೆಲವು ಸಸಿಗಳೂ ಕಂಡವು, ಅದರಲ್ಲಿ ಅರ್ಧ ಬೇಸಿಗೆಗೆ ಒಣಗಿದವು. ಹಕ್ಕಿಗಳು ಪೂರ್ತಿ ಬಂದವೆಂದು ಹೇಳಲಾಗದು, ಬರಲೇ ಇಲ್ಲವೆಂದೂ ಹೇಳಲಾಗದು. ನೆಟ್ಟಿದ್ದು ಒಬ್ಬರ ಒಂದು ಬೆಳಗಿನ ಕೆಲಸ. ಕೀಳುವುದು ಎಷ್ಟು ಜನರ ಎಷ್ಟು ವರ್ಷದ ಕೆಲಸವೋ ಯಾರಿಗೂ ಗೊತ್ತಿಲ್ಲ.

ನಿವೃತ್ತರಾದ ಮೇಲೆ ಒಂದು ದಿನ ಭಾವ ಹೊಸ ಗುದ್ದಲಿಯ ಹಿಡಿ ಕೊಳ್ಳಲು ನಗರಸಭೆಯ ಸಸ್ಯ ಮಾರಾಟ ಮಳಿಗೆಗೆ ಹೋದರು. ಹಾರ್ನಕ್ಕನೂ ಜೊತೆಗಿದ್ದಳು. ಬಾಗಿಲಲ್ಲೇ ಸಾಲಾಗಿ ಕುಂಡಗಳಿದ್ದವು. ಎಲೆಯ ಬೆನ್ನು ಬೂದಿ, ಗೆಣ್ಣುಗೆಣ್ಣಿಗೂ ಬೇರು. ಚೀಟಿಯ ಮೇಲೆ ಹೊಸ ಹೆಸರು: ನೀಲಿ ಜಲಪಾತ.

"ಇದನ್ನ ಯಾರಮ್ಮ ಇಲ್ಲಿಟ್ಟಿದ್ದು?" ಭಾವನ ದನಿ ಎಂದೂ ಏರದಷ್ಟು ಏರಿತು.

ಮಳಿಗೆಯ ಹುಡುಗಿಗೆ ಗುರುತು ಸಿಕ್ಕಿ ಮುಖ ಅರಳಿತು. "ಸಾರ್, ನೀವಾ! ಇದು ನೀವೇ ತಂದ ತಳಿ ಅಲ್ವಾ? ನಿಮ್ಮ ಹೆಸರು ಹೇಳೇ ಮಾರ್ತೀವಿ ಸಾರ್. ತುಂಬಾ ಓಡುತ್ತೆ. ಹೊಸ ಅಪಾರ್ಟ್‌ಮೆಂಟಿನವರು ಲಾರಿಗಟ್ಟಲೆ ತಗೊಂಡು ಹೋದ್ರು."

ಹಾರ್ನಕ್ಕ ಬೈಯಲು ಹೊರಟು ಹಿಂದೆ ಸರಿದಳು. ಹುಡುಗಿಯದೇನು ತಪ್ಪು? ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಎರಡು ಕುಂಡ ಎತ್ತಿಕೊಂಡರು. ಭಾವ ಕುಂಟುತ್ತ ಹೋಗಿ ಅವರ ಮುಂದೆ ನಿಂತರು.

"ಇದನ್ನ ಈ ಊರಿಗೆ ತಂದೋನು ನಾನೇ. ತಗೋಬೇಡಿ. ದಯವಿಟ್ಟು ತಗೋಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಕೇಳಿ."

ದಂಪತಿ ಕೇಳಿ, ಒಬ್ಬರ ಮುಖ ಒಬ್ಬರು ನೋಡಿ ಕುಂಡಗಳನ್ನು ಕೆಳಗಿಟ್ಟರು. ಅವರ ಹಿಂದೆ ಬಂದವನು, "ನಮ್ಮನೆ ಕಾಂಪೌಂಡಿಗೆ ಅಷ್ಟೇ ಸಾರ್, ಕಾಡಿಗಲ್ಲ" ಎಂದು ನಕ್ಕು ಮೂರು ಕೊಂಡುಹೋದ. ಹಾಗೆಯೇ ಮಧ್ಯಾಹ್ನದವರೆಗೆ ಇಬ್ಬರೂ ಅಲ್ಲಿ ನಿಂತು ಬಂದವರಿಗೆಲ್ಲ ಹೇಳಿದರು. ಭಾವ ತಗ್ಗಿದ ದನಿಯಲ್ಲಿ, ಹಾರ್ನಕ್ಕ ಊರಿಗೆಲ್ಲ ಕೇಳುವ ಹಾಗೆ. ಕೇಳಿದವರಿಗಿಂತ ಕೊಂಡವರೇ ಹೆಚ್ಚು. ಕೊನೆಗೆ ಮ್ಯಾನೇಜರ್ ಬಂದು, ವ್ಯಾಪಾರಕ್ಕೆ ಅಡ್ಡಿಯಾಗುತ್ತಿದೆ, ಹೊರಡಬೇಕು ಎಂದ.

ಬಸ್ಸಿನಲ್ಲಿ ಬರುವಾಗ ಭಾವ ಕಿಟಕಿಯಾಚೆಯ ಕಾಂಪೌಂಡುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಆಮೇಲೆ, "ನಿಂಗೆ ಮುಂದಿನ ರಜೆ ಯಾವತ್ತು?" ಎಂದು ಕೇಳಿದರು. ಅವಳು ಹೇಳಿದಳು. ಅಂದು ಬೇಗ ಬರಬೇಕು, ಮಳಿಗೆ ಬಾಗಿಲು ತೆಗೆಯುವ ಮುಂಚೆಯೇ ಅಲ್ಲಿರಬೇಕು ಎಂದರು. ಗುದ್ದಲಿಯ ಹಿಡಿ ಕೊಳ್ಳುವುದನ್ನು ಇಬ್ಬರೂ ಮರೆತಿದ್ದರು.